ನೇಯ್ದುಕೊಟ್ಟದ್ದು, ನೇಯ್ದುಕೊಂಡದ್ದು

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿದ ಕಾಲವನ್ನು ಈಗ ನೆನೆದರೆ ಕಿವಿಯಲ್ಲಿ ಉಳಿದಿರುವುದು ಒಂದು ರಾಗ. ಆಮ್, ಈಸ್, ಆರ್, ವಾಸ್, ವರ್. ಹ್ಯಾವ್, ಹ್ಯಾಸ್, ಹ್ಯಾಡ್. ಡು, ಡಸ್, ಡಿಡ್. ಇಡೀ ತರಗತಿ ಮಗ್ಗಿ ಒಪ್ಪಿಸುವ ಹಾಗೆ ಅದನ್ನು ಒಪ್ಪಿಸುತ್ತಿತ್ತು. ಇವು ಹೆಲ್ಪಿಂಗ್ ವರ್ಬ್, ಮಿಕ್ಕದ್ದೆಲ್ಲ ಮೇನ್ ವರ್ಬ್, ಅಲ್ಲಿಗೆ ಪಾಠ ಮುಗಿಯಿತು. ಆಗ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಐದನೇ ತರಗತಿಯಿಂದ ಶುರುವಾಗುತ್ತಿತ್ತು; 2007ರಲ್ಲಿ ಒಂದನೇ ತರಗತಿಗೇ ಇಳಿಯಿತು. ಪುಸ್ತಕಗಳು ಬದಲಾದವು, ಬಣ್ಣದ ಚಿತ್ರಗಳು ಬಂದವು, ನಲಿ-ಕಲಿಯ ಕಾರ್ಡುಗಳು ಬಂದವು, ರಾಗ ಮಾತ್ರ ಹಾಗೇ ಉಳಿಯಿತು. ಮುಂದಿನ ಪಿರಿಯಡ್ಡಿನ ಕನ್ನಡ ವ್ಯಾಕರಣದಲ್ಲಿ ಬೇರೆಯದೇ ಶಾಸ್ತ್ರ: ಕರ್ತೃ, ಕರ್ಮ, ಕ್ರಿಯಾಪದ, ಸಕರ್ಮಕ, ಅಕರ್ಮಕ. ಎರಡೂ ಒಂದೇ ಕೋಣೆಯಲ್ಲಿ ನಡೆಯುತ್ತಿದ್ದವು, ಬಹಳ ಕಡೆ ಎರಡಕ್ಕೂ ಒಬ್ಬರೇ ಮೇಷ್ಟ್ರು. ಆದರೂ ಆ ಪಾಠ ಈ ಪಾಠದ ಮುಖ ನೋಡುತ್ತಿರಲಿಲ್ಲ. ಅಷ್ಟು ವರ್ಷ ಪಾಠ ಹೇಳಿ, ಉತ್ತರಪತ್ರಿಕೆ ತಿದ್ದಿ, ಸ್ಟಾಫ್ ರೂಮಿನಲ್ಲಿ ವಾದಿಸಿದ ಮೇಲೆ ನನ್ನಲ್ಲಿ ಉಳಿದಿರುವ ಅಭಿಪ್ರಾಯ ಹೀಗಿದೆ: ಮುಖ್ಯ ಕ್ರಿಯಾಪದ, ಸಹಾಯಕ ಕ್ರಿಯಾಪದ ಎಂಬ ಭೇದ ಈ ಸೀಮೆಯ ಮಗುವಿಗೆ ಇಂಗ್ಲಿಷಿನಿಂದ ಬರಬೇಕಾದ ವಿದ್ಯೆಯೇ ಅಲ್ಲ. ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಅದು ಮಗುವಿನ ನಾಲಗೆಯಲ್ಲಿ ನುರಿತಿರುತ್ತದೆ. ಪಾಠ ಶುರುವಾಗಬೇಕಾದದ್ದು ಅಲ್ಲಿಂದ. ಹಾಗೆ ಶುರು ಮಾಡಿದರೆ ಇಂಗ್ಲಿಷಿನ ಅರ್ಧ ಕೆಲಸವೂ ಅಲ್ಲೇ ಆಗಿರುತ್ತದೆ.

ಮೊಳಕಾಲ್ಮುರಿನ ರೇಷ್ಮೆ ಮಗ್ಗವನ್ನೇ ತೆಗೆದುಕೊಳ್ಳಿ. ಅಲ್ಲಿ ಸ್ವಂತಕ್ಕೆ ನೇಯುವವರಿದ್ದಾರೆ, ಮಾಲೀಕರಿಂದ ರೇಷ್ಮೆ, ಜರಿ ತಂದು ಕೂಲಿಗೆ ನೇಯುವವರೂ ಇದ್ದಾರೆ. ‘ಸೀರೆ ನೇಯ್ದುಕೊಟ್ಟ’ ಅಂದರೆ ಸೀರೆ ಇನ್ನೊಬ್ಬರಿಗೆ. ‘ನೇಯ್ದುಕೊಂಡ’ ಅಂದರೆ ತನಗೆ. ‘ನೇಯ್ದುಬಿಟ್ಟ’ ಅಂದರೆ ಕೆಲಸ ಮುಗಿದೇ ಹೋಯಿತು, ಬಹುಶಃ ನಾವು ಅಂದುಕೊಂಡದ್ದಕ್ಕಿಂತ ಬೇಗ. ‘ನೇಯ್ದಿಟ್ಟ’ ಅಂದರೆ ಮುಂದೆ ಹಬ್ಬವೋ ಮದುವೆಯ ಸುಗ್ಗಿಯೋ ಬರುತ್ತದೆ ಎಂಬ ಲೆಕ್ಕ. ‘ನೇಯ್ದು ನೋಡಿದ’ ಅಂದರೆ ಅಂಚು ಹೊಸದು, ಕೂರುತ್ತದೋ ಇಲ್ಲವೋ ಎಂಬ ಪರೀಕ್ಷೆ. ‘ನೇಯ್ದುಹಾಕಿದ’ ಎಂಬುದರಲ್ಲಿ ಒಂದಿಷ್ಟು ರಭಸವಿದೆ, ಸಂದರ್ಭ ನೋಡಿಕೊಂಡು ಬೇಸರವೂ ಇರುತ್ತದೆ. ಆರರಲ್ಲೂ ಮಗ್ಗದ ಮೇಲೆ ನಡೆದದ್ದು ಅದೇ ಹಾಸು, ಅದೇ ಹೊಕ್ಕು, ಅದೇ ಲಾಳಿಯ ಓಡಾಟ. ಬದಲಾದದ್ದು ಆ ಕೆಲಸ ಯಾರ ಪಾಲಿಗೆ ಹೋಯಿತು, ಯಾವ ಉದ್ದೇಶಕ್ಕೆ ನಡೆಯಿತು, ಹೇಳುವವನಿಗೆ ಅದರ ಬಗ್ಗೆ ಏನನ್ನಿಸಿತು ಎಂಬುದು. ‘ನೇಯ್’ ಎಂಬ ಮುಖ್ಯ ಕ್ರಿಯಾಪದ ಕೆಲಸವನ್ನು ಹೇಳಿ ಸುಮ್ಮನಾಯಿತು. ಕೊಡು, ಕೊಳ್ಳು, ಬಿಡು, ಇಡು, ನೋಡು, ಹಾಕು ಬೆನ್ನಿಗೆ ಬಂದು ಉಳಿದದ್ದನ್ನು ಹೇಳಿದವು. ಕೂಲಿಗೆ ನೇಯುವ ಮನೆಯ ಮಗು, ಸೀರೆ ಮಾಲೀಕರಿಗೆ ಹೋದ ದಿನ, ಅಪ್ಪ ಅದನ್ನು ನೇಯ್ದುಕೊಂಡ ಅಂತ ಹೇಳುವುದಿಲ್ಲ. ಕೊಟ್ಟದ್ದಕ್ಕೂ ಕೊಂಡದ್ದಕ್ಕೂ ಇರುವ ಅಂತರ ಆ ಮನೆಯ ಸಂಪಾದನೆಯ ವಿಷಯ, ಅದನ್ನು ಯಾವ ಮೇಷ್ಟ್ರೂ ಬಿಡಿಸಿ ಹೇಳಬೇಕಿಲ್ಲ. ಚಳ್ಳಕೆರೆ ಕಡೆ ಶೇಂಗಾದ ರಾಶಿಯ ಮುಂದೆ ಕೂತರೂ ಇದೇ: ಸುಲಿದುಕೊಡು, ಸುಲ್ಕೊಂಡು ತಿನ್ನು, ಬೀಜಕ್ಕೆ ಬೇಕು, ಸುಲಿದಿಡು.

ಪಾಠಪುಸ್ತಕದ ವ್ಯಾಖ್ಯೆ ಎಡವುವುದು ಇಲ್ಲೇ. ಕೆಲಸವನ್ನು ಸೂಚಿಸುವುದು ಕ್ರಿಯಾಪದ, ಅದಕ್ಕೆ ನೆರವಾಗುವುದು ಸಹಾಯಕ ಎಂದರೆ, ಕೊಡುವುದು ಕೆಲಸವಲ್ಲವೇ, ಹಾಕುವುದು ಕೆಲಸವಲ್ಲವೇ ಎಂದು ಮಗು ಕೇಳಬಹುದು. ಕೇಳಿದರೆ ನ್ಯಾಯ ಮಗುವಿನ ಕಡೆಗೇ ಇದೆ. ವ್ಯಾಖ್ಯೆಯ ಬದಲು ಪಟ್ಟಿ ಕೊಟ್ಟರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ‘ಶಿ ಹ್ಯಾಸ್ ಎ ಬುಕ್’ ಎಂಬ ವಾಕ್ಯದಲ್ಲಿ ‘ಹ್ಯಾಸ್’ ಅಡಿಯಲ್ಲಿ ಗೆರೆ ಎಳೆದು ಹೆಲ್ಪಿಂಗ್ ವರ್ಬ್ ಎಂದು ಬರೆಯುವುದು ಪಟ್ಟಿಯನ್ನು ನಿಷ್ಠೆಯಿಂದ ಕಲಿತ ಮಗುವೇ. ಅಲ್ಲಿ ‘ಹ್ಯಾಸ್’ ಯಾರಿಗೂ ನೆರವಾಗುತ್ತಿಲ್ಲ, ಒಂಟಿಯಾಗಿ ದುಡಿಯುತ್ತಿದೆ. ನಮ್ಮ ಕಡೆಯ ‘ಐತೆ’ಯೂ ಹಾಗೆಯೇ: ‘ಕೆರೇಲಿ ನೀರೈತೆ’ ಎಂಬಲ್ಲಿ ಅದು ಮುಖ್ಯ, ‘ಮಳೆ ಬಂದೈತೆ’ ಎಂಬಲ್ಲಿ ಸಹಾಯಕ. ಆದ್ದರಿಂದ ಪದದ ಮುಖ ನೋಡಿ ಜಾತಿ ಹೇಳುವಂತಿಲ್ಲ. ಆ ವಾಕ್ಯದಲ್ಲಿ ಅದು ಯಾವ ದುಡಿಮೆ ಮಾಡುತ್ತಿದೆ ಎಂದು ನೋಡಬೇಕು. ಐದನೇ ತರಗತಿಯ ಮಗುವಿನ ಕೈಯಲ್ಲೂ ಇದನ್ನು ಮಾಡಿಸಬಹುದು. ಎರಡು ಪದಗಳ ನಡುವೆ ‘ನಾಳೆ’ ಎಂಬುದನ್ನು ತುರುಕಿ ನೋಡಿದರಾಯಿತು. ‘ಪುಸ್ತಕ ತಂದುಕೊಡು’ ಎಂಬುದು ‘ಪುಸ್ತಕ ತಂದು ನಾಳೆ ಕೊಡು’ ಆದರೆ ಏನೂ ಕೆಡುವುದಿಲ್ಲ, ತರುವುದು ಒಂದು ಕೆಲಸ, ಕೊಡುವುದು ಇನ್ನೊಂದು. ‘ಅಜ್ಜಿಗೆ ಕಾಗದ ಓದಿಕೊಡು’ ಎಂಬುದನ್ನು ‘ಅಜ್ಜಿಗೆ ಕಾಗದ ಓದಿ ನಾಳೆ ಕೊಡು’ ಮಾಡಿದರೆ ಅಜ್ಜಿಯ ಗತಿಯೇ ಬದಲಾಗುತ್ತದೆ: ಓದು ಬಾರದ ಅಜ್ಜಿಗೆ ಓದಿ ಹೇಳುವ ಉಪಕಾರ ಹೋಯಿತು, ನೀನು ಓದಿ ಮುಗಿಸಿ ನಾಳೆ ಕಾಗದ ಅವಳ ಕೈಗಿಡು ಎಂದಾಯಿತು. ಹಾಗಾದರೆ ಮೊದಲಿನ ‘ಕೊಡು’ ಕೈಯಿಂದ ಕೈಗೆ ಏನನ್ನೂ ದಾಟಿಸುತ್ತಿರಲಿಲ್ಲ, ಅದು ಸಹಾಯಕ. ‘ಹೇಳಿಬಿಡು’ ಎಂಬುದನ್ನು ‘ಹೇಳಿ ನಾಳೆ ಬಿಡು’ ಮಾಡಿದರೆ ಮಕ್ಕಳಿಗೆ ನಗು ಬರುತ್ತದೆ, ನಗುವೇ ಉತ್ತರ. ‘ಬಸ್ಸು ಬಂದೈತೆ’ ಬೇರೆ, ‘ಬಸ್ಸು ಬಂದು ಇಲ್ಲೇ ಐತೆ’ ಬೇರೆ. ಒಂದು ಸಣ್ಣ ‘ಏ’ಕಾರಕ್ಕೆ ಮಾತ್ರ ನಡುವೆ ಪ್ರವೇಶವಿದೆ: ಹೇಳೇ ಬಿಡು, ಬಂದೇ ಬಿಟ್ಟ. ಈ ಪರೀಕ್ಷೆಗೆ ವ್ಯಾಖ್ಯೆಯೂ ಬೇಡ, ಪಟ್ಟಿಯೂ ಬೇಡ. ತೀರ್ಪು ಕೊಡುವುದು ಮಗುವಿನ ಕಿವಿ, ಆ ಕಿವಿ ತಪ್ಪುವುದು ಅಪರೂಪ.

ಇದರಿಂದ ಇಂಗ್ಲಿಷಿಗೆ ಏನು ಲಾಭ ಎಂಬುದು ಸ್ಟಾಫ್ ರೂಮಿನ ಮೊದಲ ಪ್ರಶ್ನೆ, ಮತ್ತು ಅದು ತಕ್ಕ ಪ್ರಶ್ನೆ. ಬಂದಿದ್ದೇನೆ, ಬಂದಿದ್ದೀಯ, ಬಂದಿದ್ದಾನೆ, ಬಂದಿದ್ದಾಳೆ, ಬಂದಿದೆ ಎಂದು ಬೋರ್ಡಿನ ಮೇಲೆ ಬರೆದರೆ ಕಣ್ಣಿಗೆ ಬೀಳುವುದು ಎರಡು ಸಂಗತಿ. ‘ಬಂದು’ ಎಲ್ಲೂ ಅಲುಗಾಡಿಲ್ಲ. ನಾನು, ನೀನು, ಅವನು, ಅವಳು, ಅದು ಎಂಬ ಗುರುತನ್ನೂ ಕಾಲದ ಗುರುತನ್ನೂ ಹೊತ್ತಿರುವುದು ಬೆನ್ನಿಗಿರುವ ‘ಇರು’. ‘ಅವನು ಬಂದನು ಇದ್ದಾನೆ’ ಎಂದು ಕನ್ನಡದ ಯಾವ ಮಗುವೂ ಹೇಳುವುದಿಲ್ಲ. ಬಾಲ ಒಂದೇ ಸಲ, ಅದೂ ಸಹಾಯಕಕ್ಕೆ. ‘ಬರ್ತಾನೇ ಇದ್ದಾನೆ’ ಎನ್ನುತ್ತೇವಲ್ಲ, ಅಲ್ಲಿ ಎರಡು ಬಾಲವಿಲ್ಲವೇ ಎಂದು ಜಾಣರು ತಡೆಯಬಹುದು. ‘ಅವಳು ಬರ್ತಾನೇ ಇದ್ದಾಳೆ’ ಎಂದು ಹೇಳಿ ನೋಡಿದರೆ ಅನುಮಾನ ತೀರುತ್ತದೆ, ಅದು ಅವನ ಗುರುತಲ್ಲ, ಒತ್ತು ಕೊಡುವ ಅದೇ ‘ಏ’. ಈಗ ಇಂಗ್ಲಿಷಿನ ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿ ಹೆಚ್ಚು ಖರ್ಚಾಗುವ ಜಾಗ ನೋಡಿ: ‘ಹಿ ಡಸ್ ನಾಟ್ ಕಮ್ಸ್’, ‘ಡಿಡ್ ಯು ವೆಂಟ್’. ಎರಡೂ ಒಂದೇ ತಪ್ಪು. ಸಹಾಯಕ ಹೊತ್ತ ಹೊರೆಯನ್ನು ಮುಖ್ಯ ಕ್ರಿಯಾಪದದ ತಲೆಗೂ ಏರಿಸಿದ್ದು. ತನ್ನ ಮಾತಿನಲ್ಲಿ ಎಂದೂ ಮಾಡದ ತಪ್ಪನ್ನು ಮಗು ಇಂಗ್ಲಿಷಿನಲ್ಲಿ ಮಾಡುತ್ತದೆ ಎಂದರೆ, ಎರಡೂ ಕಡೆ ನಡೆಯುವುದು ಒಂದೇ ಕಾನೂನು ಎಂದು ನಾವು ತೋರಿಸಿಲ್ಲ ಎಂದರ್ಥ. ಇಂಗ್ಲಿಷಿನಲ್ಲಿ ಸಹಾಯಕ ಮುಂದೆ ನಿಲ್ಲುತ್ತದೆ, ಕನ್ನಡದಲ್ಲಿ ಹಿಂದೆ. ಮಿಕ್ಕಂತೆ ದುಡಿಮೆಯ ಹಂಚಿಕೆ ಅದೇ. ಸ್ವಲ್ಪ ದೊಡ್ಡ ಮಕ್ಕಳಿಗೆ ಇದನ್ನು ಇನ್ನೂ ಚೆನ್ನಾಗಿ ತೋರಿಸಬಹುದು. ‘ತಿನ್ನುತ್ತಾ ಇದ್ದಿರಬಹುದು’ ಎಂಬುದನ್ನು ಬಿಡಿಸಿದರೆ ತಿನ್ನುತ್ತಾ, ಇದ್ದು, ಇರ, ಬಹುದು ಎಂಬ ನಾಲ್ಕು ತುಂಡು ಸಿಗುತ್ತವೆ. ಇಂಗ್ಲಿಷಿನ ‘ಮೇ ಹ್ಯಾವ್ ಬೀನ್ ಈಟಿಂಗ್’ ಎಂಬುದನ್ನು ಕೊನೆಯಿಂದ ಮೊದಲಿಗೆ ಓದಿದರೆ ಅವೇ ನಾಲ್ಕು ತುಂಡು, ಅದೇ ಕ್ರಮದಲ್ಲಿ. ಏಳನೇ ತರಗತಿಯಲ್ಲಿ ಇಂಥ ಒಂದು ಸಾಲನ್ನು ಎರಡೂ ಕಡೆಯಿಂದ ಓದಿಸುವುದು ಹತ್ತು ಪುಟದ ಅಭ್ಯಾಸಕ್ಕೆ ಸಮ ಎಂಬುದು ನನ್ನ ಎಣಿಕೆ.

ಗಡಿ ತಾಲ್ಲೂಕುಗಳ ಶಿಕ್ಷಕರು ಎತ್ತುವ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮೊಳಕಾಲ್ಮುರಿನಿಂದ ರಾಯದುರ್ಗ ದೂರವಲ್ಲ; ಈ ಎರಡು ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಕೆಲವು ಬೀದಿಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಕನ್ನಡದಿಂದ ಶುರು ಮಾಡಿದರೆ ಆ ಮಕ್ಕಳಿಗೆ ಅದೂ ಒಂದು ಪರಭಾಷೆಯ ವ್ಯಾಕರಣವೇ ಆಗುವುದಿಲ್ಲವೇ? ಆಗುತ್ತಿತ್ತು, ಈ ವಿಷಯ ಕನ್ನಡಕ್ಕೆ ಮಾತ್ರ ಸೇರಿದ್ದಾಗಿದ್ದರೆ. ನಮ್ಮ ‘ಮಾಡಿಕೋ’ಗೆ ತೆಲುಗಿನಲ್ಲಿ ‘ಚೇಸುಕೋ’ ಇದೆ. ಕನ್ನಡದ ‘ಕೊಳ್ಳು’, ತೆಲುಗಿನ ‘ಕೊನು’ ಎರಡೂ ಅಂಗಡಿಯಲ್ಲಿ ಕೊಳ್ಳುವ ಅರ್ಥದವು, ಎರಡೂ ಇನ್ನೊಂದು ಕ್ರಿಯಾಪದದ ಬೆನ್ನಿಗೆ ಬಂದಾಗ ‘ತನಗಾಗಿ’ ಎಂಬ ಅರ್ಥ ತಳೆಯುತ್ತವೆ. ಉರ್ದುವಿನ ವಂಶವೇ ಬೇರೆ, ಆದರೂ ‘ಕರ್ ಲೋ’ ಎಂದರೆ ಮಾಡಿಕೋ, ‘ಕರ್ ದೋ’ ಎಂದರೆ ಮಾಡಿಕೊಡು. ಅಲ್ಲಿ ತೆಗೆದುಕೊಳ್ಳುವ ಪದ ‘ಕೊಳ್ಳು’ವಿನ ಕೆಲಸಕ್ಕೂ ಕೊಡುವ ಪದ ‘ಕೊಡು’ವಿನ ಕೆಲಸಕ್ಕೂ ನಿಂತಿದೆ. ಲಂಬಾಣಿಯೂ ಉರ್ದುವಿನ ಹಾಗೆ ಆರ್ಯಭಾಷೆ, ಅಲ್ಲಿಯೂ ಕ್ರಿಯಾಪದಕ್ಕೆ ವಾಕ್ಯದ ಕೊನೆಯಲ್ಲೇ ಜಾಗ. ಬೇರೆ ಬೇರೆ ವಂಶದ ಭಾಷೆಗಳು ಒಂದೇ ನೆಲದಲ್ಲಿ ಬಹುಕಾಲ ಬಾಳಿ ಒಂದರ ಗುಣ ಇನ್ನೊಂದಕ್ಕೆ ಹತ್ತಿಸಿಕೊಂಡಿವೆ ಎಂದು ಭಾಷಾವಿಜ್ಞಾನಿ ಎಂ.ಬಿ. ಎಮಿನೊ 1956ರ ತಮ್ಮ ಪ್ರಸಿದ್ಧ ಲೇಖನದಲ್ಲಿ ವಾದಿಸಿದ್ದರು. ಆ ಮಾತಿಗೆ ಗಡಿನಾಡಿನ ಯಾವುದೇ ತರಗತಿ ಸಾಕ್ಷಿ ಹೇಳಬಲ್ಲದು. ಬೋರ್ಡಿನ ಮೇಲೆ ‘ಮಾಡಿಕೊಡು’ ಎಂದು ಬರೆದು ಅದನ್ನು ಅವರವರ ಮನೆಯಲ್ಲಿ ಹೇಗೆ ಹೇಳುತ್ತಾರೆ ಎಂದು ಕೇಳಿದರೆ ಸಾಕು. ಪಾಠದಿಂದ ಹೊರಗೆ ಉಳಿಯುವ ಮಗು ಇರುವುದಿಲ್ಲ, ಇಂಗ್ಲಿಷ್ ಪಟ್ಟಿಯ ಎದುರು ಹೊರಗೆ ಉಳಿಯುವುದು ಎಲ್ಲ ಮಕ್ಕಳೂ.

ಸಂಪ್ರದಾಯದ ಕಡೆಯಿಂದ ಇನ್ನೊಂದು ತಕರಾರು ಬರುತ್ತದೆ. ಸಹಾಯಕ ಕ್ರಿಯಾಪದ ಎಂಬ ವಿಭಾಗವೇ ನಮ್ಮ ವ್ಯಾಕರಣದಲ್ಲಿ ಇರಲಿಲ್ಲ, ಇದು ಇಂಗ್ಲಿಷ್ ನೋಡಿ ತಂದ ಸಾಮಾನು ಎನ್ನುವವರಿದ್ದಾರೆ. ಹದಿಮೂರನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಆಖ್ಯಾತಕ್ಕೆ ಪ್ರಕರಣವಿದೆ, ಧಾತುವಿಗೆ ಪ್ರಕರಣವಿದೆ, ಸಹಾಯಕಕ್ಕೆಂದು ಪ್ರಕರಣವಿಲ್ಲ ಎಂಬುದು ನಿಜ. ಆದರೆ ಗ್ರಂಥದಲ್ಲಿ ಅಧ್ಯಾಯವಿಲ್ಲ ಎಂದಮಾತ್ರಕ್ಕೆ ಭಾಷೆಯಲ್ಲಿ ಆ ವ್ಯವಹಾರವಿಲ್ಲ ಎಂದಾಗುವುದಿಲ್ಲ. ಕೇಶಿರಾಜ ನೋಡುತ್ತಿದ್ದದ್ದು ಕವಿಗಳ ಪ್ರಯೋಗ, ಅವನಿಗೆ ಮುಖ್ಯವಾಗಿದ್ದದ್ದು ಧಾತುವಿಗೆ ಹತ್ತುವ ಪ್ರತ್ಯಯ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ದದ್ದರಿಂದ ಕನ್ನಡದ್ದೇ ಆದ ಎಷ್ಟೋ ಸಂಗತಿಗಳು ವ್ಯಾಕರಣದ ಹೊರಗೆ ಉಳಿದವು ಎಂದು ಡಿ.ಎನ್. ಶಂಕರ ಭಟ್ಟರು 2000ದಲ್ಲಿ ಬಂದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ವಾದಿಸಿದರು. ಅವರ ಎಲ್ಲ ಸಲಹೆಗಳನ್ನು, ಮುಖ್ಯವಾಗಿ ಬರವಣಿಗೆಯ ಬದಲಾವಣೆಗಳನ್ನು, ಒಪ್ಪುವವನು ನಾನಲ್ಲ. ಆದರೆ ಈ ವಿಷಯದಲ್ಲಿ ಅವರ ಮಾತಿಗೆ ಎದುರುತ್ತರ ಹುಡುಕುವುದು ಕಷ್ಟ. ಕೊಡು, ಕೊಳ್ಳು, ಬಿಡುಗಳ ಈ ಸಂಸಾರ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಇಲ್ಲದ ಕಡೆಯಿಂದ ನಾವು ತಂದೆವು ಎನ್ನುವುದಾದರೂ ಹೇಗೆ?

ಹಳತನದ ಮಾತು ಬಂದದ್ದರಿಂದ ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳನ್ನೂ ನೆನೆಯಬೇಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಶಾಲಾ ಪ್ರವಾಸದಲ್ಲಿ ಮಕ್ಕಳಿಗೆ ಬ್ರಾಹ್ಮಿ ಲಿಪಿ ತೋರಿಸಿ ಮುಂದೆ ಹೋಗುವುದು ರೂಢಿ. ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು ಎಂಬ ಅರ್ಥದ ಆ ಪ್ರಾಕೃತ ವಾಕ್ಯಗಳಲ್ಲಿ ‘ಬೇಕು’ ಎಂಬುದು ಬೇರೆ ಪದವಾಗಿ ಇಲ್ಲ. ಕ್ರಿಯಾಪದದ ಬಾಲದಲ್ಲೇ ಸೇರಿಕೊಂಡಿದೆ. ಸಂಸ್ಕೃತದಲ್ಲಿ ಅದೇ ‘ತವ್ಯ’, ನಾವು ದಿನವೂ ಆಡುವ ಕರ್ತವ್ಯ, ಗಂತವ್ಯಗಳಲ್ಲಿ ಇರುವುದು. ಕನ್ನಡ ಆ ಕೆಲಸಕ್ಕೆ ಹಿಂದೆ ಒಂದು ಸಹಾಯಕ ಇಡುತ್ತದೆ, ಇಂಗ್ಲಿಷ್ ಮುಂದೆ ‘ಮಸ್ಟ್’ ಇಡುತ್ತದೆ. ನಮ್ಮ ‘ಬೇಕು’ ನಾನು, ನೀನು, ಅವಳು ಯಾರು ಬಂದರೂ ಬದಲಾಗುವುದಿಲ್ಲ: ನಾನು ಮಾಡಬೇಕು, ಅವಳು ಮಾಡಬೇಕು. ‘ಮಸ್ಟ್’ ಕೂಡ ಅಷ್ಟೇ, ಅದಕ್ಕೆ ಎಸ್ ಹತ್ತುವುದಿಲ್ಲ. ‘ಶಿ ಮಸ್ಟ್ಸ್’ ಯಾಕಿಲ್ಲ ಎಂದು ಕೇಳುವ ಮಗುವಿಗೆ ‘ಅವಳು ಮಾಡಬೇಕಳು’ ಯಾಕಿಲ್ಲ ಎಂದು ತಿರುಗಿ ಕೇಳಬಹುದು. ಬಹುದು, ಕೂಡದು, ಬಾರದು ಇವೂ ಅದೇ ಸಾಲಿನವು.

ಇನ್ನು ‘ಐತೆ’ಯ ವಿಷಯ. ಆಡುಮಾತನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಪರೀಕ್ಷೆಯಲ್ಲೂ ಅದನ್ನೇ ಬರೆಯುತ್ತಾರೆ, ಅಂಕ ಹೋಗುತ್ತದೆ ಎಂಬ ಭಯ ಪೋಷಕರಿಗೂ ಇದೆ, ಶಿಕ್ಷಕರಿಗೂ ಇದೆ. ಭಯ ಸುಳ್ಳಲ್ಲ, ಕಾರಣ ಮಾತ್ರ ಬೇರೆ. ‘ಬಂದಿದೆ’ ಎಂಬುದನ್ನು ಬಿಡಿಸು ಎಂದರೆ ‘ಬಂದು’ ಮತ್ತು ‘ಇದೆ’ ಎಂದು ಮಗು ಬಾಯಿಪಾಠ ಒಪ್ಪಿಸುತ್ತದೆ. ಮನೆಯಲ್ಲಿ ‘ಇದೆ’ ಎನ್ನುವ ರೂಢಿಯೇ ಇಲ್ಲದ್ದರಿಂದ ಆ ತುಂಡು ಅದಕ್ಕೆ ಪುಸ್ತಕದ್ದು. ‘ಬಂದೈತೆ’ಯಲ್ಲಿ ಬೆಸುಗೆ ಎಲ್ಲಿದೆ ಎಂಬುದು ಮಾತ್ರ ತಾನೇ ಕಾಣುತ್ತದೆ, ಯಾಕೆಂದರೆ ‘ಐತೆ’ಯನ್ನು ಬಿಡಿಯಾಗಿ ದಿನಕ್ಕೆ ನೂರು ಸಲ ಆಡುತ್ತದೆ. ಬಿಡಿಸುವುದನ್ನು ತನ್ನ ಮಾತಿನಲ್ಲಿ ಕಲಿತ ಮೇಲೆ, ಬರೆಯುವಾಗ ‘ಐತೆ’ ಇರುವಲ್ಲಿ ‘ಇದೆ’ ಹಾಕು ಎಂದರೆ ಅದು ಒಂದು ಸಾಲಿನ ಸೂಚನೆ. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯ ಕೃಷ್ಣಶಾಸ್ತ್ರಿಗಳು ಸ್ವತಃ ಶಿಕ್ಷಕರಾಗಿದ್ದರು. ಮುಕುಂದೂರು ಸ್ವಾಮಿಗಳನ್ನು ಕುರಿತ ತಮ್ಮ ಪುಸ್ತಕಕ್ಕೆ ‘ಯೇಗ್ದಾಗೆಲ್ಲಾ ಐತೆ’ ಎಂದೇ ಹೆಸರಿಟ್ಟರು, ನಾಡೆಲ್ಲ ಓದಿತು. ಅದೇ ತಾಲ್ಲೂಕಿನ ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದರು, ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಅವರಿಗೇ. ‘ಐತೆ’ ಎನ್ನುವ ಸೀಮೆ ಗ್ರಂಥಸ್ಥ ಕನ್ನಡಕ್ಕೆ ಕೊಟ್ಟದ್ದು ಕಡಿಮೆಯೇನಲ್ಲ.

ಈ ವಾದಕ್ಕೆ ಎಲ್ಲೆಗಳಿವೆ. ಇರು, ಬೇಕು, ಬಹುದು, ಇಲ್ಲ ಇವುಗಳಿಗೆ ಇಂಗ್ಲಿಷಿನಲ್ಲಿ ಜೊತೆ ಸಿಗುತ್ತದೆ. ಬಿಡು, ಹಾಕು, ಕೊಳ್ಳುಗಳಿಗೆ ಸಿಗುವುದಿಲ್ಲ. ‘ಹೇಳಿಬಿಟ್ಟ’ ಎಂಬುದನ್ನು ಅನುವಾದ ಮಾಡಿ ಎಂದರೆ ‘ಬಿಟ್ಟ’ದಲ್ಲಿದ್ದ ಅಯ್ಯೋ ಎನ್ನುವ ಭಾವ ಜಾರಿಹೋಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಚಿಕ್ಕ ಮಕ್ಕಳಿಗೆ ಈ ಹೆಸರುಗಳ ಗೊಡವೆಯೇ ಬೇಡ ಎನ್ನುವವರ ಮಾತನ್ನು ನಾಲ್ಕನೇ ತರಗತಿಯವರೆಗೆ ನಾನೂ ಒಪ್ಪುತ್ತೇನೆ. ಅಲ್ಲಿಯವರೆಗೆ ಆಡುವುದು, ಕೇಳುವುದು, ಓದುವುದು ಸಾಕು. ಸಮಯವಿಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ನನಗೆ ಗೌರವ ಕಡಿಮೆ, ಯಾಕೆಂದರೆ ಐದನೇ ತರಗತಿಯಿಂದ ಏಳನೇ ತರಗತಿಯವರೆಗೆ ಅದೇ ತಪ್ಪನ್ನು ಅದೇ ಕೆಂಪು ಶಾಯಿಯಲ್ಲಿ ತಿದ್ದಲು ಎಲ್ಲರಿಗೂ ಸಮಯ ಇತ್ತು. ನಿಜವಾದ ತೊಡಕು ಇರುವುದು ‘ಡು’ ಎಂಬುದರಲ್ಲಿ. ಕನ್ನಡದಲ್ಲಿ ‘ಬಂದ’ ಎಂಬುದಕ್ಕೆ ಒಂದು ಸ್ವರ ಸೇರಿಸಿ ‘ಬಂದನಾ’ ಎಂದರೆ ಪ್ರಶ್ನೆಯಾಯಿತು. ಇಂಗ್ಲಿಷಿನಲ್ಲಿ ‘ಹಿ ಕೇಮ್’ ಎಂಬಲ್ಲಿ ಎಲ್ಲಿಯೂ ಇಲ್ಲದ ‘ಡಿಡ್’ ಪ್ರಶ್ನೆಯ ಹೊತ್ತಿಗೆ ಎಲ್ಲಿಂದಲೋ ಬಂದು ಮುಂದೆ ನಿಲ್ಲುತ್ತದೆ, ಬಂದದ್ದೇ ‘ಕೇಮ್’ ಹೊತ್ತಿದ್ದ ಕಾಲವನ್ನು ಕಿತ್ತುಕೊಂಡು ಅದನ್ನು ಬರಿಯ ‘ಕಮ್’ ಮಾಡುತ್ತದೆ. ಬಾಲ ಒಂದೇ ಸಲ ಎಂಬ ಕಾನೂನು ಇಲ್ಲಿಯೂ ನಡೆಯುತ್ತದೆ ಎಂದು ತೋರಿಸಬಹುದು. ಆದರೆ ಆ ‘ಡಿಡ್’ ಯಾಕೆ ಬಂತು ಎಂಬುದಕ್ಕೆ ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಉರ್ದುವಿನಲ್ಲಾಗಲಿ ಆಸರೆ ಸಿಗುವುದಿಲ್ಲ. ಅದನ್ನು ಆಡಿಸಿ ಆಡಿಸಿಯೇ ರೂಢಿ ಮಾಡಿಸಬೇಕು. ಮಿಕ್ಕ ಸಹಾಯಕಗಳಿಗೆ ಸುರಿಯುತ್ತಿದ್ದ ಪಿರಿಯಡ್ಡುಗಳಲ್ಲಿ ಹೆಚ್ಚಿನವನ್ನು ಇದೊಂದಕ್ಕೇ ಕೊಡಬಹುದು.